ಜಂಬವ್ವ ಕೊಟ್ಟ ಐದು ಚುಕ್ಕಿ

ಚಿತ್ತವಾಡ್ಗಿಯ ಪಂಪಾವತಿ ಒಂದು ಪುಸ್ತಕ ಕೊಳ್ಳುವ ಮುಂಚೆ ಅದನ್ನು ಬೈದವರನ್ನು ಹುಡುಕುತ್ತಿದ್ದಳು. ಹೊಗಳಿದವರ ಮಾತು ಅವಳಿಗೆ ಬೇಕಿರಲಿಲ್ಲ. ಇದು ಕಾಲೇಜಿನಲ್ಲಿ ಹೇಳಿಕೊಟ್ಟ ವಿದ್ಯೆಯಲ್ಲ, ಅವ್ವ ಹಂಪಕ್ಕನಿಂದ ಬಂದದ್ದು. ಬಳಗದಲ್ಲಿ ಯಾರಿಗಾದರೂ ಗಂಡು ನೋಡುವಾಗ ಹಂಪಕ್ಕ ಆ ಗಂಡಿನ ನೆಂಟರನ್ನು ವಿಚಾರಿಸುತ್ತಿರಲಿಲ್ಲ. ಪಕ್ಕದ ಮನೆಯವರನ್ನು, ಅದರಲ್ಲೂ ನಲ್ಲಿ ನೀರಿನ ಸರದಿಗೆ ಜಗಳವಾಡಿ ಮಾತು ಬಿಟ್ಟವರನ್ನು ಹುಡುಕಿಕೊಂಡು ಹೋಗುತ್ತಿದ್ದಳು.

“ಹೊಗಳಾಕ ಒಂದು ನಾಲಿಗಿ ಇದ್ರ ಸಾಕು. ಬಯ್ಯಾಕ ಕಾರಣ ಬೇಕಾಗ್ತದ,” ಎನ್ನುವುದು ಹಂಪಕ್ಕನ ವಾದ.

ಆಗ ಊರಿಗೆ ಅದಿರಿನ ಹುಚ್ಚು ಹಿಡಿದಿದ್ದ ಕಾಲ. ಸಂಡೂರಿನ ಕಡೆಯಿಂದ ಇಳಿಯುವ ಲಾರಿಗಳು ಹೊಸಪೇಟೆಯನ್ನು ಹಗಲೂ ರಾತ್ರಿ ಅಲುಗಾಡಿಸುತ್ತಿದ್ದವು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಕಂಪ್ಯೂಟರ್ ಬಂದರೆ ಸಾಕು, ಗಣಿ ಕಚೇರಿಯವರು ಕರೆದು ಕುರ್ಚಿ ಕೊಡುತ್ತಾರೆ ಎಂದು ಎಲ್ಲರೂ ಹೇಳುವವರೇ. ಪಂಪಾವತಿಗೂ ಸಂಡೂರಿನ ಒಂದು ಕಚೇರಿಯವರು, ಬಿಸಿಎ ಪಾಸಾದ ಮಾರ್ಕ್ಸ್ ಕಾರ್ಡು ತಗೊಂಡು ಬಾ, ಆಮೇಲೆ ಮಾತಾಡೋಣ ಎಂದಿದ್ದರು. ಪಾಸಾಗುವುದೊಂದೇ ಬಾಕಿ ಇತ್ತು. ಮನೆಯವರೆಲ್ಲರ ಕಣ್ಣೂ ಆ ಒಂದು ಕಾಗದದ ಮೇಲೇ ಇತ್ತು.

ಸ್ಟೇಷನ್ ರಸ್ತೆಯಲ್ಲಿ ಹಂಪೇಶ್ ಎಂಬವನ ಸೈಬರ್ ಕೆಫೆ ಇತ್ತು. ಪ್ಲೈವುಡ್ಡಿನ ಗೂಡುಗಳು, ಒಂದೊಂದರಲ್ಲೂ ಬೂದುಬಣ್ಣದ ಒಂದು ಮಾನಿಟರು, ಅದರ ನೆತ್ತಿಯ ಮೇಲೆ ಕೆಂಪು ಧೂಳು. ಪುಸ್ತಕ ಮಾರುವ ಒಂದು ವೆಬ್‌ಸೈಟನ್ನು ಪಂಪಾವತಿ ಅಲ್ಲಿ ಕೂತು ನೋಡುತ್ತಿದ್ದಳು. ಓದಿದವರು ಪ್ರತಿ ಪುಸ್ತಕದ ಕೆಳಗೆ ತಮ್ಮ ಅಭಿಪ್ರಾಯ ಬರೆದು ಒಂದರಿಂದ ಐದರವರೆಗೆ ಚುಕ್ಕಿ ಕೊಟ್ಟಿರುತ್ತಿದ್ದರು. ಐದು ಚುಕ್ಕಿಯವರನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ. ಒಂದು ಚುಕ್ಕಿ ಕೊಟ್ಟವರಲ್ಲೂ ಜರಡಿ ಹಿಡಿಯುತ್ತಿದ್ದಳು. ಪಾರ್ಸೆಲ್ ತಡವಾಯಿತು, ರಟ್ಟು ಹರಿದಿತ್ತು ಎಂದು ಗೊಣಗಿದವರನ್ನು ಬದಿಗೆ ಸರಿಸಿ, ಇಂಥ ಪುಟದಲ್ಲಿ ಇಂಥ ಪ್ರೋಗ್ರಾಂ ತಪ್ಪಿದೆ ಎಂದವರನ್ನು ಮಾತ್ರ ಹಿಡಿದುಕೊಳ್ಳುತ್ತಿದ್ದಳು. ಅಂಥವರು ಎರಡು ಪುಸ್ತಕಗಳಲ್ಲಿ ಯಾವುದನ್ನು ಕಡಿಮೆ ಬೈದಿದ್ದಾರೋ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಪುಸ್ತಕದಂಗಡಿಯ ಮರುಳಸಿದ್ದಪ್ಪನವರಿಗೆ ಕೊಟ್ಟರೆ, ಅವರು ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿಕೊಡುತ್ತಿದ್ದರು. ಪಂಪಾವತಿ ತರಿಸಿದ ಪುಸ್ತಕ ಕೆಟ್ಟಿತು ಅನ್ನುವ ಮಾತೇ ಇರಲಿಲ್ಲ. ತರಗತಿಯವರು ಅವಳನ್ನು ಕೇಳದೆ ಪುಸ್ತಕಕ್ಕೆ ಕೈ ಹಾಕುತ್ತಿರಲಿಲ್ಲ.

ಎಡವಿದ್ದು ಪ್ರೊಫೆಸರ್ ಓಬಳಪ್ಪನವರ ಪುಸ್ತಕದಲ್ಲಿ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುವ ಪುಸ್ತಕ ಅದು. ಬೇರೆ ಊರಿನ ಕಾಲೇಜೊಂದರ ಮೇಷ್ಟ್ರು ಸಿಲಬಸ್ಸಿಗೆ ಸರಿಯಾಗಿ ಬರೆದದ್ದು. ವೆಬ್‌ಸೈಟಿನಲ್ಲಿ ಅದನ್ನು ಬೈದವರು ಒಬ್ಬರೂ ಇರಲಿಲ್ಲ. ಬೈದವರೇ ಇಲ್ಲ ಎಂದರೆ ಬಂಗಾರದಂಥ ಪುಸ್ತಕ ಎಂದುಕೊಂಡಳು ಹುಡುಗಿ. ಓದಿದವರೇ ಇಲ್ಲದ ಪುಸ್ತಕವನ್ನೂ ಯಾರೂ ಬೈಯುವುದಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಪುಸ್ತಕ ಬಂತು. ನೂರಾ ನಲವತ್ತಮೂರನೇ ಪುಟದಲ್ಲಿದ್ದ, ಅಂಕಿಗಳನ್ನು ಸರಪಳಿಯ ಕೊಂಡಿಗಳಂತೆ ಜೋಡಿಸುವ ಪ್ರೋಗ್ರಾಮನ್ನು ಒಂದಕ್ಷರ ಬಿಡದೆ ಲ್ಯಾಬಿನಲ್ಲಿ ಟೈಪ್ ಮಾಡಿದಳು. ಓಡಿಸಿದರೆ ಪರದೆಯ ತುಂಬ ಹುಚ್ಚಾಪಟ್ಟೆ ಅಂಕಿಗಳು ಸುರಿದು, ಕಂಪ್ಯೂಟರು ಕಲ್ಲಾಗಿ ಕೂತಿತು. ಮತ್ತೆ ಟೈಪ್ ಮಾಡಿದಳು, ಮತ್ತೆ ಕಲ್ಲು. ತಪ್ಪು ಎಲ್ಲಿದೆ ಎಂದು ತಿಳಿಯುವಷ್ಟು ವಿದ್ಯೆ ಅವಳಿಗಿರಲಿಲ್ಲ. ತಪ್ಪಿದೆ ಎಂದು ತಿಳಿಯುವಷ್ಟು ಇತ್ತು.

ಸಿಟ್ಟಿನ ಭರದಲ್ಲಿ ಸೀದಾ ಹಂಪೇಶನ ಕೆಫೆಗೆ ಹೋಗಿ ಜೀವನದಲ್ಲಿ ಮೊದಲ ಸಲ ತಾನೂ ಅಭಿಪ್ರಾಯ ಬರೆದಳು. ಒಂದೇ ಚುಕ್ಕಿ ಕೊಟ್ಟಳು. ‘ಪುಟ ೧೪೩ರ ಪ್ರೋಗ್ರಾಂ ಓಡುವುದಿಲ್ಲ. ಬರೆದವರು ಇದನ್ನು ಒಮ್ಮೆಯಾದರೂ ಓಡಿಸಿ ನೋಡಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಯಾರೂ ಕೊಳ್ಳಬೇಡಿ.’ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು, ಹೆಸರಿನ ಜಾಗದಲ್ಲಿ ‘ಪಂಪಾವತಿ, ಜಡೆಪ್ಪನವರ ಮಗಳು, ಚಿತ್ತವಾಡ್ಗಿ, ಹೊಸಪೇಟೆ’ ಎಂದು ತುಂಬಿದಳು. ಬೇರೆಯವರೆಲ್ಲ ‘ಎ ರೀಡರ್’ ಅಂತಲೋ, ಎರಡಕ್ಷರದ ಅಡ್ಡಹೆಸರೋ ಹಾಕಿ ಕೈತೊಳೆದುಕೊಳ್ಳುವ ಜಾಗ ಅದು. ಇವಳು ತಹಶೀಲ್ದಾರರಿಗೆ ಅರ್ಜಿ ಕೊಟ್ಟಂತೆ ಅಪ್ಪನ ಹೆಸರು, ಊರು, ಕೇರಿ ಎಲ್ಲ ಬರೆದು ಬಂದಳು.

ಅದಕ್ಕೆ ಕಾರಣವಿತ್ತು. ಅವಳಪ್ಪ ಜಡೆಪ್ಪ ಗಣಿ ಕಂಪನಿಯೊಂದರಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಹಿಂದಿನ ವರ್ಷ ಅವನ ಮೇಲೆ ಒಂದು ಮೂಗರ್ಜಿ ಹೋಯಿತು. ಜಡೆಪ್ಪ ಡೀಸೆಲ್ ಕದ್ದು ಮಾರುತ್ತಾನೆ, ಇಂತಿ ನಿಮ್ಮ ಹಿತೈಷಿ. ಹೆಸರಿಲ್ಲ, ಊರಿಲ್ಲ. ಕಂಪನಿಯವರು ಹೌದೋ ಅಲ್ಲವೋ ಎಂದು ಕೇಳುವ ಗೋಜಿಗೂ ಹೋಗದೆ ಗೇಟಿನಿಂದಲೇ ಅವನನ್ನು ವಾಪಸು ಕಳಿಸಿದರು. ಈಗ ಬೈಪಾಸಿನ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಪಂಕ್ಚರ್ ತಿದ್ದುತ್ತಿದ್ದ. ಊಟಕ್ಕೆ ಕೂತಾಗ ಒಂದು ಮಾತು ತಪ್ಪದೆ ಬರುತ್ತಿತ್ತು. “ಬರದಾವನ ಕೈಗೆ ಹುಳ ಬೀಳ್ಲಿ. ಹೆಸರು ಹಾಕಿ ಬರದಿದ್ರ ಹೋಗಿ ಕಾಲರ್ ಹಿಡಿದು ಕೇಳ್ತಿದ್ದೆ. ಹೆಸರಿಲ್ದಾವನ್ನ ಎಲ್ಲಿ ಹುಡುಕ್ಲಿ?” ಆ ಮಾತು ಕೇಳುತ್ತ ಅನ್ನ ಉಂಡವಳು ಪಂಪಾವತಿ. ಬೈಯುವುದಾದರೆ ಹೆಸರು ಹಾಕಿ ಬೈಯಬೇಕು ಎಂಬುದು ಅವಳ ರಕ್ತಕ್ಕೆ ಇಳಿದಿತ್ತು.

ಬರೆದು ಮರೆತೂಬಿಟ್ಟಿದ್ದಳು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಒಂದು ವಾರವಿದೆ ಅನ್ನುವಾಗ ಕಂಪ್ಯೂಟರ್ ಮೇಷ್ಟ್ರು ಲಿಂಗರಾಜ್ ತರಗತಿಗೆ ಬಂದು ಮೇಜಿನ ಮೇಲೆ ಕೈ ಬಡಿದರು.

“ಈ ಸಲ ಹೊರಗಿಂದ ಪರೀಕ್ಷೆ ಮಾಡಾಕ ಬರೋರು ಯಾರು ಗೊತ್ತೇನು? ಓಬಳಪ್ಪ ಸರ್. ಸಿ ಪುಸ್ತಕ ಬರದಾರಲ್ಲ, ಅವ್ರ. ಎಲ್ರೂ ಅವ್ರ ಪುಸ್ತಕ ಕೈಯಾಗ ಹಿಡ್ಕೊಂಡು ಬರ್ರಿ, ಖುಷಿ ಆಗ್ತಾರ.”

ಪಂಪಾವತಿ ಪೆನ್ನು ಕೆಳಗಿಟ್ಟಳು. ಪ್ರಾಕ್ಟಿಕಲ್ಲಿನಲ್ಲಿ ಹೊರಗಿನಿಂದ ಬಂದವರು ಬೇಡವೆಂದರೆ ಪಾಸಿಲ್ಲ, ಪಾಸಿಲ್ಲದಿದ್ದರೆ ಕಾರ್ಡಿಲ್ಲ, ಕಾರ್ಡಿಲ್ಲದಿದ್ದರೆ ಸಂಡೂರಿನ ಕುರ್ಚಿ ಇಲ್ಲ. ಆ ಒಬ್ಬ ಮನುಷ್ಯನ ಕೈಯಲ್ಲಿ ಎಲ್ಲ ಇತ್ತು, ಅದೇ ಮನುಷ್ಯನನ್ನು ಅವಳು ಜಗತ್ತಿಗೆಲ್ಲ ಕಾಣುವಂತೆ ಬೈದಿದ್ದಳು. ಅದೂ ಅಪ್ಪನ ಹೆಸರು ಹಾಕಿ, ವಿಳಾಸ ಕೊಟ್ಟು. ಹಾಲ್ ಟಿಕೆಟ್ಟಿನಲ್ಲಿ ಅದೇ ಹೆಸರು, ಅದೇ ಊರು. ಅವರು ಓದಿರದಿದ್ದರೆ? ಓದದೇ ಇರುತ್ತಾರೆಯೇ? ತನ್ನ ಪುಸ್ತಕದ ಬಗ್ಗೆ ಯಾರು ಏನೆಂದರು ಎಂದು ನೋಡದ ಲೇಖಕ ಭೂಮಿಯ ಮೇಲೆ ಹುಟ್ಟಿಲ್ಲ.

ಅವತ್ತಿನಿಂದ ಲಿಂಗರಾಜ್ ಸರ್ ಹಾಜರಿ ಕರೆಯುವಾಗ ತನ್ನ ಹೆಸರಿನ ಮುಂದೆ ಒಂದು ಗಳಿಗೆ ನಿಂತಂತೆ ಅನ್ನಿಸುತ್ತಿತ್ತು. ಕಾಲೇಜಿನ ಅಂಗಳದಲ್ಲಿ ಯಾವುದೋ ಕಾರು ಬಂದು ನಿಂತರೆ ಕಂಬದ ಹಿಂದೆ ಸರಿಯುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳದು ಅದಕ್ಕಿಂತ ಕಡೆ, ಯಾರೂ ಏನೂ ಅನ್ನದೆಯೇ ಹೆಗಲು ಮುಟ್ಟಿಕೊಳ್ಳುತ್ತಿದ್ದಳು. ಕದ್ದದ್ದು ಏನೂ ಇರಲಿಲ್ಲ. ಬರೆದದ್ದು ಖರೆಯೇ ಇತ್ತು. ಆದರೆ ಖರೆ ಬರೆದವರಿಗೆ ಹೆದರಿಕೆ ಕಡಿಮೆ ಎಂದು ಯಾರು ಹೇಳಿದ್ದು?

ಅಳಿಸಿಹಾಕೋಣವೆಂದು ಕೆಫೆಗೆ ಓಡಿದಳು. ಹಂಪೇಶ್ ಅವಳ ಗೂಡಿನೊಳಗೆ ಬಗ್ಗಿ, ಮೌಸನ್ನು ಅತ್ತಿತ್ತ ಆಡಿಸಿ ತಲೆಯಾಡಿಸಿದ.

“ಇಲ್ಲಕ್ಕ, ಇದ್ರಾಗ ಬರಿಯಾಕ ಐತಿ, ಅಳಸಾಕ ಇಲ್ಲ. ಅವ್ರಿಗೆ ಒಂದು ಮೇಲ್ ಹಾಕಿ ನೋಡ್ರಿ.”

ಮೇಲ್ ಹಾಕಿದಳು. ದಯವಿಟ್ಟು ನನ್ನ ಬರಹ ತೆಗೆಯಿರಿ, ನನ್ನ ಭವಿಷ್ಯದ ಪ್ರಶ್ನೆ ಎಂದು ಕೈಮುಗಿದು ಬರೆದಳು. ಮರುದಿನ ಉತ್ತರ ಬಂತು: ನಿಮ್ಮ ಅಮೂಲ್ಯವಾದ ಅಭಿಪ್ರಾಯಕ್ಕೆ ಧನ್ಯವಾದಗಳು. ಇನ್ನೊಂದು ಹಾಕಿದಳು. ಅದಕ್ಕೂ ಅಕ್ಷರ ತಪ್ಪದಂತೆ ಅದೇ ಧನ್ಯವಾದ.

ದಾರಿ ತೋರಿಸಿದವಳು ಗೆಳತಿ ಸ್ಫೂರ್ತಿ. ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು, ಭಯ ಎಂದರೇನೆಂದು ಗೊತ್ತಿಲ್ಲದವಳು. ಪರದೆಯನ್ನು ದಿಟ್ಟಿಸಿ ನೋಡಿ ನಕ್ಕಳು.

“ಅಳಸಾಕ ಬರಂಗಿಲ್ಲ ಅಂದ್ರ ಮುಚ್ಚು. ಏಳೆಂಟು ಮಂದಿ ಪುಸ್ತಕ ಭಾಳ ಚಲೋ ಐತಿ ಅಂತ ಬರದ್ರ ನಿಂದು ಹಿಂದಿನ ಪುಟಕ್ಕ ಹೋಗ್ತದ. ಹಿಂದಿನ ಪುಟ ಯಾರು ನೋಡ್ತಾರ್ಲೇ?”

“ಏಳೆಂಟು ಮಂದಿ ಎಲ್ಲಿಂದ ತರ್ಲಿ?”

“ಮಂದಿ ಯಾಕ ಬೇಕು? ಹೆಸರು ಸಾಕು. ನಮ್ಮಣ್ಣ ಮಲ್ಲೇಶನ ಹೆಸರು ಹಾಕು, ಅವಂಗೇನು ಗೊತ್ತಾಗ್ತದ.”

ಪಂಪಾವತಿ ತನ್ನ ಕೈ ನೋಡಿಕೊಂಡಳು. ಬರದಾವನ ಕೈಗೆ ಹುಳ ಬೀಳ್ಲಿ ಎನ್ನುವ ಅಪ್ಪನ ಮಾತು ಕಿವಿಯಲ್ಲಿ ಆಡಿತು. ಇದು ಬೈಯುವುದಲ್ಲವಲ್ಲ, ಹೊಗಳುವುದು, ಹೊಗಳಿದರೆ ಯಾರ ಮನೆ ಹಾಳಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೆದರಿದವರ ಬುದ್ಧಿ ವಕೀಲರ ಬುದ್ಧಿಗಿಂತ ಚುರುಕು. ಪ್ರತಿ ಸಲವೂ ಬೇರೆ ಹೆಸರು ಹಾಕಲು ಆ ವೆಬ್‌ಸೈಟು ಬಿಡುತ್ತಿತ್ತು. ಮಲ್ಲೇಶ್, ಕಂಪ್ಲಿ: ಐದು ಚುಕ್ಕಿ. ಕೊಟ್ರಬಸಮ್ಮ, ಸಂಡೂರು: ಐದು ಚುಕ್ಕಿ. ಅಂಜಿನಯ್ಯ, ಚೋರನೂರು: ಐದು ಚುಕ್ಕಿ. ಹೀಗೇ ಇನ್ನೂ ಮೂರ್ನಾಲ್ಕು. ಊರಿಲ್ಲದೆ ಬರೀ ಹೆಸರು ಹಾಕಲು ಮಾತ್ರ ಅವಳಿಂದ ಆಗಲಿಲ್ಲ. ಸುಳ್ಳು ಹೆಸರಿಗೂ ಖರೆ ಊರು ಕೊಟ್ಟಳು. ಊರಿಲ್ಲದ ಮನುಷ್ಯ ಎಂದರೆ ಅವಳ ಮಟ್ಟಿಗೆ ಮೂಗರ್ಜಿಯ ಮನುಷ್ಯ.

ಕೊನೆಗೆ ಹೆಸರುಗಳೂ ತೀರಿದವು. ಅವತ್ತು ಬೆಳಿಗ್ಗೆ ಅಪ್ಪನ ತಾಯಿ ಜಂಬವ್ವ ಪಾಪಿನಾಯಕನಹಳ್ಳಿಯಿಂದ ಪುಂಡಿಪಲ್ಲೆ ಸೊಪ್ಪು ಕಟ್ಟಿಕೊಂಡು ಬಂದಿದ್ದಳು. ಅಜ್ಜಿಯ ಹೆಸರೇ ಕಣ್ಮುಂದೆ ನಿಂತಿತು. ಜಂಬವ್ವ, ಪಾಪಿನಾಯಕನಹಳ್ಳಿ. ತನ್ನ ಮಾತಿಗೆ ತಾನೇ ಮಣ್ಣು ಹಾಕಬೇಕಲ್ಲ, ಅದಕ್ಕೆ ವಿಶೇಷವಾಗಿ ಸೇರಿಸಿದಳು: ‘ಪುಟ ೧೪೩ರ ಪ್ರೋಗ್ರಾಂ ಮೊದಲ ಸಲಕ್ಕೇ ಓಡಿತು. ಇಂಥ ಪುಸ್ತಕ ಇನ್ನೊಂದಿಲ್ಲ.’ ಐದು ಚುಕ್ಕಿ. ಅವಳ ಒಂದು ಚುಕ್ಕಿ ಹಿಂದಿನ ಪುಟಕ್ಕೆ ಜಾರಿತು. ಹೊರಗೆ ಬಂದಾಗ ಹಗುರಾಗಬೇಕಿತ್ತು, ಆಗಲಿಲ್ಲ. ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಂತೆ ಅನ್ನಿಸಿ, ಆಟೋ ಹತ್ತುವವರೆಗೂ ತಿರುಗಿ ತಿರುಗಿ ನೋಡಿದಳು.

ಪರೀಕ್ಷೆಯ ದಿನ ಓಬಳಪ್ಪನವರು ಬಂದರು. ಹುಲಿಯಂಥವರನ್ನು ನಿರೀಕ್ಷಿಸಿದ್ದಳು. ಬಂದವರು ಮಾಸಿದ ಸಫಾರಿಯ, ನಗುಮುಖದ, ಬಿಸಿಲಿಗೆ ಬೆವರಿದ ಸಾಧಾರಣ ಮನುಷ್ಯ. ಆ ನಗು ನೋಡಿ ಪಂಪಾವತಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಲ್ಯಾಬಿನ ಮೂಲೆಯ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತಳು. ಹುಡುಗರ ಮುಂದೆಲ್ಲ ತಮ್ಮ ಪುಸ್ತಕವೇ ಇರುವುದನ್ನು ಕಂಡು ಅವರು ಲಿಂಗರಾಜ್ ಸರ್ ಕಡೆ ತಿರುಗಿದರು.

“ನಿಮ್ಮ ಸೀಮಿ ಮಂದಿ ಭಾಳ ದೊಡ್ಡವ್ರು ನೋಡ್ರಿ. ಪಬ್ಲಿಷರ್ ಫೋನ್ ಮಾಡಿದ್ದ. ಇಂಟರ್‌ನೆಟ್ಟಿನ್ಯಾಗ ನನ್ನ ಪುಸ್ತಕದ ಬಗ್ಗೆ ಏನೇನು ಬರದಾರಂತ! ಕಂಪ್ಲಿ, ಸಂಡೂರು... ಚೋರನೂರಾಗ ಸೈತ ಓದ್ತಾರ್ರಿ ನನ್ನ ಪುಸ್ತಕ! ನಾನೂ ನೋಡಿದೆ. ಖುಷಿ ಆತು.”

ಲಿಂಗರಾಜ್ ಸರ್ ಹೌದೌದೆಂದು ತಲೆಯಾಡಿಸಿದರು. ಮೂರನೇ ಸಾಲಿನಲ್ಲಿದ್ದ ಸ್ಫೂರ್ತಿ ಹಿಂತಿರುಗಿ ಪಂಪಾವತಿಯನ್ನು ನೋಡಿದಳು. ಪಂಪಾವತಿ ಅವಳ ಮುಖ ನೋಡಲಿಲ್ಲ.

ಪ್ರಾಕ್ಟಿಕಲ್ಲಿನಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಮಡಚಿ ಇಟ್ಟಿರುತ್ತಾರೆ. ಯಾರ ಕೈಗೆ ಯಾವುದು ಬರುತ್ತದೋ ಅದು ಅವರ ಹಣೆಬರಹ. ಲಿಂಗರಾಜ್ ಸರ್ ಚೀಟಿಗಳ ಡಬ್ಬಿ ತಂದಿಟ್ಟರು. ಓಬಳಪ್ಪನವರು ಅದನ್ನು ಬದಿಗೆ ಸರಿಸಿದರು.

“ಚೀಟಿ ಬ್ಯಾಡ. ಇವತ್ತು ಎಲ್ರೂ ಒಂದ ಪ್ರೋಗ್ರಾಂ ಮಾಡ್ರಿ. ನೂರಾ ನಲವತ್ತಮೂರನೇ ಪುಟದ್ದು. ಪುಸ್ತಕ ಬೇಕಾದ್ರೂ ನೋಡ್ಕೊಳ್ರಿ, ಅಡ್ಡಿಯಿಲ್ಲ. ಮೊದಲ ಸಲಕ್ಕ ಓಡಿತು ಅಂತ ಹಳ್ಳಿ ಹೆಣ್ಮಗಳೊಬ್ಬಾಕಿ ಬರದಾಳ. ನೀವು ಕಾಲೇಜಿನ ಮಂದಿ, ನೋಡೂಣು.”

ಹುಡುಗರು ಖುಷಿಯಿಂದ ಕೈ ಉಜ್ಜಿಕೊಂಡರು, ಪುಸ್ತಕ ನೋಡಿ ಟೈಪ್ ಮಾಡುವುದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ? ಲ್ಯಾಬಿನ ತುಂಬ ಕೀಲಿಗಳ ಟಕಟಕ. ಪಂಪಾವತಿಯೂ ಟೈಪ್ ಮಾಡಿದಳು. ಒಂದೊಂದು ಸಾಲೂ ಅವಳಿಗೆ ಪರಿಚಯದ್ದೇ, ಒಂದೊಂದು ಸಾಲೂ ಎಲ್ಲಿಗೆ ಒಯ್ಯುತ್ತದೆ ಎಂದು ಗೊತ್ತಿದ್ದದ್ದೇ. ಎಲ್ಲಿ ತಪ್ಪಿದೆ ಎಂದು ಅವತ್ತೇ ಹುಡುಕಿದ್ದರೆ! ಬೈದು ಕೈ ಬಿಟ್ಟಳೇ ಹೊರತು ಹುಡುಕಿರಲಿಲ್ಲ.

ಮೊದಲು ಕಿಟಕಿಯ ಪಕ್ಕದ ಕಂಪ್ಯೂಟರು ನಿಂತಿತು. ಆಮೇಲೆ ಅದರ ಪಕ್ಕದ್ದು. ಒಂದರ ಹಿಂದೊಂದು ಪರದೆಗಳು ಹುಚ್ಚು ಅಂಕಿಗಳನ್ನು ಕಾರಿ ಕಲ್ಲಾಗತೊಡಗಿದವು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಬಂದ್ ಮಾಡಿ ಮತ್ತೆ ಹಾಕಿದರು, ಮತ್ತೆ ಟೈಪ್ ಮಾಡಿದರು, ಮತ್ತೆ ಕಲ್ಲು. ಓಬಳಪ್ಪನವರ ನಗು ಮೆಲ್ಲಗೆ ಹೋಯಿತು. ತಮ್ಮನ್ನು ಎಲ್ಲರೂ ಸೇರಿ ಆಟವಾಡಿಸುತ್ತಿದ್ದಾರೆ ಎಂದುಕೊಂಡರೋ ಏನೋ, ಹಣೆಯ ನರ ಎದ್ದು ಕಂಡಿತು.

“ಇದೇನ್ರಿ ಲಿಂಗರಾಜ್? ಮೂರು ವರ್ಷ ಏನು ಕಲಿಸೀರಿ? ನೋಡಿ ಟೈಪ್ ಮಾಡಾಕೂ ಬರಂಗಿಲ್ಲೇನು ಇವ್ರಿಗೆ?”

ಲಿಂಗರಾಜ್ ಸರ್ ಬಿಳಿಚಿಕೊಂಡರು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಓಬಳಪ್ಪನವರು ಸಾಲಿನಿಂದ ಸಾಲಿಗೆ ಬರುತ್ತ ಸ್ಫೂರ್ತಿಯ ಹಿಂದೆ ನಿಂತರು. ಅವಳ ಪರದೆಯೂ ಕಲ್ಲಾಗಿತ್ತು.

“ಏನವ್ವಾ, ಪಾಪಿನಾಯಕನಹಳ್ಳಿ ಜಂಬವ್ವಗ ಬರ್ತದ, ನಿನಗ ಬರಂಗಿಲ್ಲೇನು? ಎಲ್ರಿಗೂ ಸೊನ್ನಿ ಹಾಕಿ ಹೋಗ್ತೀನಿ, ಮುಂದಿನ ವರ್ಷ ಕೂಡ್ರಿ.”

ಭಯ ಎಂದರೇನೆಂದು ಗೊತ್ತಿಲ್ಲದ ಸ್ಫೂರ್ತಿ ಬಿಕ್ಕಿ ಅತ್ತಳು. ಅತ್ತಳೇ ಹೊರತು ತುಟಿ ಬಿಚ್ಚಲಿಲ್ಲ, ಪಂಪಾವತಿಯ ಕಡೆ ಬೆರಳು ತೋರಿಸಲಿಲ್ಲ. ಪಂಪಾವತಿಗೆ ಗೇಟಿನಲ್ಲಿ ನಿಂತ ಅಪ್ಪ ಕಂಡ. ಕೇಳದೆ ವಿಚಾರಿಸದೆ ವಾಪಸು ಕಳಿಸಿದಾಗ ಅವನ ಮುಖ ಹೇಗಿತ್ತೋ ಅವಳು ನೋಡಿರಲಿಲ್ಲ. ಈಗ ತರಗತಿಯ ತುಂಬ ಅದೇ ಮುಖ. ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು.

“ಸರ್... ಜಂಬವ್ವ ನಮ್ಮಜ್ಜಿ ಸರ್.”

“ಹೌದೇನು? ಏನು ಓದ್ಯಾರ?”

“ಏನೂ ಓದಿಲ್ಲ ಸರ್. ಹೆಬ್ಬೆಟ್ಟು.”

ಓಬಳಪ್ಪನವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುತ್ತ ಹೋದಂತೆ ದನಿ ತಗ್ಗಿತು.

“ಮತ್ತ ಚೋರನೂರು ಅಂಜಿನಯ್ಯ?”

“ನಮ್ಮ ಸ್ವಾದರಮಾವ ಸರ್. ಕುರಿ ಕಾಯ್ತಾನ.”

“ಸಂಡೂರು ಕೊಟ್ರಬಸಮ್ಮ?”

“ಖಾನಾವಳಿ ನಡಸ್ತಾಳ ಸರ್.”

“ಕಂಪ್ಲಿ ಮಲ್ಲೇಶ್?”

“ನಮ್ಮಣ್ಣ ಸರ್,” ಎಂದಳು ಸ್ಫೂರ್ತಿ ಮೂಗು ಒರೆಸಿಕೊಳ್ಳುತ್ತ.

ಓಬಳಪ್ಪನವರು ಒಂದು ಕುರ್ಚಿ ಎಳೆದುಕೊಂಡು ಕೂತರು. “ಹಿಂದಿನ ಪುಟದಾಗ ಒಂದಿತ್ತು. ಒಂದ ಚುಕ್ಕಿದು. ಚಿತ್ತವಾಡ್ಗಿ ಪಂಪಾವತಿ.”

“ಅದು ನಾನು ಸರ್. ಅದೊಂದು ಖರೆ ಸರ್.”

ಪಂಪಾವತಿ ಸೊನ್ನೆಗೆ ಕಾಯುತ್ತ ನಿಂತಳು. ಹೊರಗೆ ಹೋಗು ಎನ್ನಬಹುದು, ಪ್ರಿನ್ಸಿಪಾಲರನ್ನು ಕರೆಯಿರಿ ಎನ್ನಬಹುದು, ಸಂಡೂರಿಗೂ ಸುದ್ದಿ ಮುಟ್ಟಬಹುದು. ಓಬಳಪ್ಪನವರು ಅದ್ಯಾವುದನ್ನೂ ಹೇಳದೆ ಸ್ಫೂರ್ತಿಯ ಕಂಪ್ಯೂಟರಿನ ಮುಂದೆ ಸರಿದು, ತಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಟೈಪ್ ಮಾಡತೊಡಗಿದರು. ಎರಡು ಬೆರಳಿನ ಟೈಪಿಂಗು. ಓಡಿಸಿದರು. ಕಲ್ಲು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಮೇಲಿನಿಂದ ಬೆರಳಿಟ್ಟು ಓದಿದರು. ಬಹಳ ಹೊತ್ತಾಯಿತು. ಆಮೇಲೆ ಎದ್ದು ಹೋಗಿ ಬೋರ್ಡಿನ ಮೇಲೆ ಒಂದೇ ಒಂದು ಸಾಲು ಬರೆದರು. ಸರಪಳಿಯಲ್ಲಿ ಕೊನೆಯ ಕೊಂಡಿ ಇದೇ, ಇದರ ಮುಂದೆ ಏನೂ ಇಲ್ಲ ಎಂದು ಯಂತ್ರಕ್ಕೆ ಹೇಳುವ ಸಾಲು. ಅದಿಲ್ಲದೆ ಯಂತ್ರ ಇಲ್ಲದ ಕೊಂಡಿಗಳನ್ನು ಹುಡುಕಿಕೊಂಡು ಹೋಗಿ ಸಾಯುತ್ತಿತ್ತು.

“ಬರಿಯೋವಾಗ ಬಿಟ್ಟೀನಿ,” ಎಂದರು, ಯಾರ ಕಡೆಯೂ ನೋಡದೆ. “ಎರಡು ಸಲ ಅಚ್ಚಾಗೇತಿ. ಒಬ್ರೂ ಹೇಳಲಿಲ್ಲ.” ಆಮೇಲೆ ಚೀಟಿಗಳ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡರು. “ತಗೊಳ್ರಿ, ಚೀಟಿ ಎತ್ರಿ.”

ಪಂಪಾವತಿಯ ಕೈಗೆ ಯಾವ ಚೀಟಿ ಬಂತೋ, ಅವಳು ಏನು ಬರೆದಳೋ, ಅವಳಿಗೇ ನೆನಪಿಲ್ಲ. ಅರ್ಧ ಮುಗಿಸಿ ಎದ್ದಳು. ಬಾಗಿಲ ಬಳಿ ಓಬಳಪ್ಪನವರು ಅವಳನ್ನು ನಿಲ್ಲಿಸಿದರು. ಬೈಗುಳ ಬಂತೆಂದು ಅವಳು ಸೆರಗಿನಂತೆ ದುಪಟ್ಟಾ ಬಿಗಿದುಕೊಂಡಳು.

“ನಿಂದು ಓದಿ ಸಿಟ್ಟು ಬಂದಿತ್ತು. ಆದ್ರೂ ಹೆಸರು, ಊರು ಎಲ್ಲಾ ಬರದಾಳ, ಏನೋ ಇದ್ದೀತು ಅಂತ ಮರುದಿನ ಕುಂತು ನೋಡಾಂವ ಇದ್ದೆ,” ಎಂದರು. “ಅಷ್ಟ್ರಾಗ ನಿಮ್ಮಜ್ಜಿ ಹೊಗಳಿದ್ಲು. ನೋಡಲಿಲ್ಲ.”

ಅಷ್ಟೇ. ಪಾಸು ಎನ್ನಲಿಲ್ಲ, ಫೇಲು ಎನ್ನಲಿಲ್ಲ.

ಪಾಸೇ ಆಯಿತು ಅನ್ನಿ, ಅಂಚಿಗೆ ತಾಗಿ. ಆ ಕಾಗದ ಬಂದದ್ದು ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ಅವಳು ಆ ಸುಳ್ಳು ಚುಕ್ಕಿಗಳನ್ನು ತೆಗೆಯಿರಿ ಎಂದು ವೆಬ್‌ಸೈಟಿನವರಿಗೆ ಬರೆದು ಬರೆದು ಸೋತಿದ್ದಳು. ಅಮೂಲ್ಯವಾದ ಅಭಿಪ್ರಾಯಕ್ಕೆ ಧನ್ಯವಾದ ಬರುತ್ತಲೇ ಇತ್ತು, ಜಂಬವ್ವನ ಐದು ಚುಕ್ಕಿ ಅಲ್ಲೇ ಹೊಳೆಯುತ್ತಲೇ ಇದ್ದವು. ಆದರೆ ಪರೀಕ್ಷೆಯ ಆ ಸಂಜೆ ಕಾಲೇಜಿನಿಂದ ಹೊರಟಾಗ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಮುಗಿಯಿತೆಂದೇ ತಿಳಿದಿದ್ದಳು.

ಮನೆಗೆ ಹೋಗದೆ ಬೈಪಾಸಿನ ಶೆಡ್ಡಿಗೆ ಹೋದಳು. ಅಪ್ಪ ಲಾರಿಯ ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಊರಿಗೆ ಹೊರಟ ಜಂಬವ್ವ ಬಸ್ಸಿಗಾಗಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಪಂಪಾವತಿ ಒಂದನ್ನೂ ಬಿಡದೆ ಹೇಳಿದಳು. ಲಾರಿಯೊಂದು ಹಾದುಹೋದಾಗ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮತ್ತೆ ಹೇಳಿದಳು. ಅಜ್ಜಿ ಬಾಯಿ ತೆರೆದು ಕೇಳಿಸಿಕೊಂಡಳು.

“ನನ್ನ ಹೆಸರ್ಲೆ ಏನಂತ ಬರದಿ?”

“ಪುಸ್ತಕ ಭಾಳ ಚಲೋ ಐತಿ ಅಂತ ಅಜ್ಜಿ.”

“ನಾ ಓದಿಲ್ಲಲ್ಲ ಯವ್ವಾ. ಓದಲಾರದ ಹೆಂಗ ಹೇಳಿದೆ ನಾನು?”

ಪಂಪಾವತಿ ಅಪ್ಪನ ಕಡೆ ನೋಡಿದಳು. ವರ್ಷದುದ್ದಕ್ಕೂ ಕೇಳಿದ ಆ ಶಾಪ ಈಗ ತನ್ನ ಮೇಲೆ ಬೀಳುತ್ತದೆ ಎಂದು, ಎರಡೂ ಕೈಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಿದ್ದಳು. ಜಡೆಪ್ಪ ಟ್ಯೂಬನ್ನು ನೀರಿನಲ್ಲಿ ತಿರುಗಿಸುತ್ತಲೇ ಇದ್ದ. ಗುಳ್ಳೆಗಳು ಏಳುತ್ತಿದ್ದವು, ಅವನ ಕಣ್ಣು ಅವುಗಳ ಮೇಲೆ ಇರಲಿಲ್ಲ.

“ಭಾಳ ಅಂಜಿದ್ದೇನು ಪಂಪಿ?” ಎಂದ.

“ಭಾಳ ಅಪ್ಪ.”

ಜಡೆಪ್ಪ ಟ್ಯೂಬಿನ ತೂತಿನ ಮೇಲೆ ಬೆರಳಿಟ್ಟು ಹಿಡಿದು, ಬಹಳ ದಿನದಿಂದ ಹುಡುಕುತ್ತಿದ್ದುದು ಸಿಕ್ಕವನಂತೆ ಮೆಲ್ಲಗೆ ಹೇಳಿದ.

“ಹಂಗಾರ ನನ್ನ ಮ್ಯಾಲೆ ಬರದಾಂವನೂ ಯಾರಿಗೋ ಅಂಜೇ ಬರದಿರಬೇಕು ಬಿಡು.”

ಅಲ್ಲಿಯತನಕ ಬಾರದಿದ್ದ ಅಳು ಪಂಪಾವತಿಗೆ ಆಗ ಬಂತು. ಜಡೆಪ್ಪ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ದುಪಟ್ಟಾದೊಳಗಿದ್ದ ಅವಳ ಕೈಗಳನ್ನು ಹೊರಗೆ ಎಳೆದು ಹಿಡಿದುಕೊಂಡ.